ಮಿಡಿ ಡ್ರಮ್ ಎತ್ತುವ ಗಾಡಿ ಹೇಗಿರಬೇಕು?

ಶಿರಸಿ, ಸಿದ್ದಾಪುರದ ಉಪ್ಪಿನಕಾಯಿ ಘಟಕಗಳಿಗೆ ಹೋದರೆ ನಾನು ಮೊದಲು ನೋಡುವುದು ಡ್ರಮ್ ಗಾಡಿಯನ್ನು. ಪ್ಯಾಕಿಂಗ್ ಕೋಣೆಯ ಟೈಲ್ಸ್ ಹೊಳೆಯುತ್ತಿರುತ್ತದೆ, ಎಲ್ಲರ ತಲೆಗೂ ಟೋಪಿ ಇರುತ್ತದೆ. ಅಲ್ಲಿಗೆ ಉಪ್ಪುನೀರಿನಲ್ಲಿ ಹಾಕಿದ ಅಪ್ಪೆಮಿಡಿಯ (ಎಳೆ ಮಾವಿನಕಾಯಿಯ) ಡ್ರಮ್ ತರುವ ಗಾಡಿ ಮಾತ್ರ ತುಕ್ಕು ಹಿಡಿದಿರುತ್ತದೆ. ಡ್ರಮ್ಮಿನ ಮುಚ್ಚಳ ತೆಗೆಯುವುದೇ ಆ ಗಾಡಿಯ ಮೇಲೆ, ಅಲ್ವಾ? ಪೇಂಟಿನ ಚೂರು, ತುಕ್ಕಿನ ಪುಡಿ ಉದುರಿದರೆ ನೇರ ಮಿಡಿಗೇ ಸೇರುತ್ತದೆ.

ಉಪ್ಪುನೀರು ಕಬ್ಬಿಣವನ್ನು ಬೇಗ ತಿನ್ನುತ್ತದೆ. ನಮ್ಮ ಮಳೆಗಾಲದ ತೇವವೂ ಅದಕ್ಕೆ ಸೇರುತ್ತದೆ. ವರ್ಷಕ್ಕೊಮ್ಮೆ ಪೇಂಟ್ ಹೊಡೆಸಿ ಪ್ರಯೋಜನವಿಲ್ಲ, ಸ್ಟೇನ್‌ಲೆಸ್ ಸ್ಟೀಲೇ ಬೇಕು. ಸದಾ ಉಪ್ಪು ತಾಗುತ್ತಿದ್ದರೆ 304 ದರ್ಜೆಯಲ್ಲೂ ಸಣ್ಣ ಗುಳಿ ಬೀಳುತ್ತವೆ. 316 ದರ್ಜೆಯಲ್ಲಿ ಮಾಲಿಬ್ಡಿನಂ ಎಂಬ ಲೋಹ ಇರುವುದರಿಂದ ಅದು ಹೆಚ್ಚು ತಡೆಯುತ್ತದೆ. ಬೆಲೆ ಜಾಸ್ತಿ, ನಿಜ. ಆದರೂ ಮಿಡಿ ಘಟಕಕ್ಕೂ ಕಾರವಾರದ ಮೀನು ಘಟಕಕ್ಕೂ ನಾನು ಅದನ್ನೇ ಹೇಳುತ್ತೇನೆ. ಜೇನು ತುಂಬುವವರಿಗೆ 304 ಸಾಕು.

ಗಾಡಿಯ ಟೊಳ್ಳು ಪೈಪುಗಳನ್ನೂ ನೋಡಿ. ತುದಿ ತೆರೆದಿದ್ದರೆ ತೊಳೆದ ನೀರು ಒಳಗೆ ನಿಂತು ಕೊಳೆಯುತ್ತದೆ. ಗಾಡಿ ವಾಲಿದಾಗ ಅದೇ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ. ತುದಿಗೆ ಪೂರ್ತಿ ವೆಲ್ಡ್ ಹಾಕಿಸಿ, ವೆಲ್ಡನ್ನು ನಯವಾಗಿ ಉಜ್ಜಿಸಿ. ಬೇರಿಂಗಿಗೆ ಫುಡ್ ಗ್ರೇಡ್ ಗ್ರೀಸ್ ಮಾತ್ರ.

ಇನ್ನು ತೂಕ. 200 ಲೀಟರ್ ಡ್ರಮ್ ಅಂದರೆ 200 ಕಿಲೋ ಎಂದು ಎಷ್ಟೋ ಮಾಲೀಕರು ಲೆಕ್ಕ ಹಾಕುತ್ತಾರೆ. ಜೇನುತುಪ್ಪ ನೀರಿಗಿಂತ ಸುಮಾರು 1.4 ಪಟ್ಟು ಭಾರ. ತುಂಬಿದ ಡ್ರಮ್ 280 ಕಿಲೋ ದಾಟುತ್ತದೆ. 250 ಕಿಲೋ ಮಿತಿಯ ಲಿಫ್ಟರಿನಲ್ಲಿ, ಅಂದರೆ ಡ್ರಮ್ ಎತ್ತಿ ಬಗ್ಗಿಸುವ ಗಾಡಿಯಲ್ಲಿ, ಅದನ್ನು ಎತ್ತಲೇಬಾರದು. ಬಗ್ಗಿಸುವಾಗ ಅಪಾಯ ಇನ್ನೂ ಜಾಸ್ತಿ: ಒಳಗಿನದೆಲ್ಲ ಬಾಯಿಯ ಕಡೆ ಸರಿದು ಭಾರ ಮುಂದಕ್ಕೆ ವಾಲುತ್ತದೆ. ಹಾಗಾಗಿ ಕೈ ಬಿಟ್ಟಲ್ಲೇ ನಿಲ್ಲುವ ಗೇರ್ ಇರುವ ಲಿಫ್ಟರನ್ನೇ ಕೊಳ್ಳಿ. ಕಬ್ಬಿಣದ ಡ್ರಮ್ಮಿನ ಅಂಚಿಗೆ ಮಾಡಿದ ಹಿಡಿಕೆಯಿಂದ ಪ್ಲಾಸ್ಟಿಕ್ ಡ್ರಮ್ ಜಾರಬಹುದು. ಕೊಳ್ಳುವ ಮೊದಲು ನಿಮ್ಮದೇ ಡ್ರಮ್ಮಿಗೆ ನೀರು ತುಂಬಿಸಿ, ನೆಲದಿಂದ ಒಂದು ಗೇಣು ಎತ್ತಿಸಿ ನೋಡಿ.

ಲಿಫ್ಟರ್ ಇಲ್ಲದ ಕಡೆ ಇಬ್ಬರು ಹೆಂಗಸರು ಡ್ರಮ್ಮನ್ನು ಅಂಚಿನ ಮೇಲೆ ವಾಲಿಸಿ ಉರುಳಿಸುವುದನ್ನು ನೋಡಿದ್ದೇನೆ. ಒದ್ದೆ ನೆಲ, ಕಾಲಲ್ಲಿ ಹವಾಯಿ ಚಪ್ಪಲಿ. ದಯವಿಟ್ಟು ಇದನ್ನು ಇವತ್ತೇ ನಿಲ್ಲಿಸಿ. ಮೊದಲು ಲಿಫ್ಟರ್ ಕೊಳ್ಳಿ, ಲೇಬಲ್ ಮಷೀನ್ ಮುಂದಿನ ವರ್ಷ ಬಂದರೂ ನಡೆಯುತ್ತದೆ.

ಲಿಫ್ಟರ್ ಬಂದ ಮೇಲೆ ಅದು ಪ್ಯಾಕಿಂಗ್ ಕೋಣೆಯಲ್ಲೇ ಇರಲಿ. ಅಂಗಳದ ಗಾಡಿ ಬಾಗಿಲವರೆಗೆ ಮಾತ್ರ. ಅಲ್ಲಿ ಡ್ರಮ್ಮಿನ ತಳವನ್ನೂ ಸೇರಿಸಿ ತೊಳೆದು, ಒರೆಸಿ, ಒಳಗಿನ ಗಾಡಿಗೆ ದಾಟಿಸಿ.