ಕಫ ನೆಗೆಟಿವ್ ಬಂದ ಮೇಲೂ ನಾಲ್ಕು ತಿಂಗಳು ಮಾತ್ರೆ ಯಾಕೆ?

ಟಿಬಿ ಮಾತ್ರೆ ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ಹೆಚ್ಚಿನವರಿಗೆ ಕೆಮ್ಮು ಇಳಿದಿರುತ್ತದೆ, ಸಂಜೆ ಜ್ವರ ಬಿಟ್ಟಿರುತ್ತದೆ, ಅನ್ನ ಸೇರತೊಡಗಿರುತ್ತದೆ. ಕಫ ಪರೀಕ್ಷೆಯೂ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ಆದರೂ ಇನ್ನೂ ನಾಲ್ಕು ತಿಂಗಳು ಮಾತ್ರೆ ನುಂಗಬೇಕು. ಯಾಕೆ ಅಂತ ಕೇಳಿದರೆ ‘ಕೋರ್ಸ್ ಮುಗಿಸಲೇಬೇಕಮ್ಮಾ’ ಎಂಬ ಉತ್ತರ ಸಿಗುತ್ತದೆ. ಉತ್ತರ ಸರಿಯಾಗಿಯೇ ಇದೆ. ಅದರ ಹಿಂದೆ ಎಂಬತ್ತು ವರ್ಷಗಳ ಒಂದು ಕಥೆಯಿದ್ದು, ಅದರಲ್ಲಿ ದೊಡ್ಡ ಪಾತ್ರ ಆಕಸ್ಮಿಕದ್ದು.

ಒಂದೇ ಬ್ಯಾಕ್ಟೀರಿಯಾ ಎರಡಾಗಿ ಒಡೆದು ಹುಟ್ಟಿದ ಜೋಡಿಯನ್ನು ತೆಗೆದುಕೊಳ್ಳಿ. ಜೀನ್ ಅವೇ, ಆಹಾರ ಅದೇ, ಗಾಜಿನ ನಳಿಕೆಯೂ ಅದೇ. ಔಷಧ ಸುರಿದರೆ ಒಂದು ಸಾಯುತ್ತದೆ, ಇನ್ನೊಂದು ಕೆಲವೊಮ್ಮೆ ಬದುಕುತ್ತದೆ. ಹಾಗಾದರೆ ಜೀನ್‌ನಲ್ಲಿ ಬರೆದದ್ದೇ ಕೊನೆಯ ಮಾತು ಅಂತ ನಾವು ಶಾಲೆಯಲ್ಲಿ ಕಲಿತದ್ದು ಏನಾಯಿತು?

ಮೊದಲ ಎಳೆ ಸಿಕ್ಕಿದ್ದು ಜೂಜಿನ ಯಂತ್ರದಿಂದ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದ ಸಾಲ್ವಡಾರ್ ಲೂರಿಯಾ 1943ರಲ್ಲಿ ಒಂದು ಪಾರ್ಟಿಯಲ್ಲಿ ಸಹೋದ್ಯೋಗಿಯೊಬ್ಬರು ಸ್ಲಾಟ್ ಮಷೀನ್ ಆಡುವುದನ್ನು ನೋಡುತ್ತಿದ್ದರು. ಬಹಳ ಸಲ ಏನೂ ಬರುವುದಿಲ್ಲ, ಯಾವಾಗಲೋ ಒಮ್ಮೆ ರಾಶಿ ಬೀಳುತ್ತದೆ. ವೈರಸ್ ದಾಳಿಯಲ್ಲಿ ಬದುಕುಳಿಯುವ ಬ್ಯಾಕ್ಟೀರಿಯಾಗಳ ಲೆಕ್ಕವೂ ಹೀಗೇ ಇದ್ದರೆ? ಮ್ಯಾಕ್ಸ್ ಡೆಲ್‌ಬ್ರುಕ್ ಜತೆ ಸೇರಿ ಮಾಡಿದ ಪ್ರಯೋಗದಲ್ಲಿ ಹಾಗೇ ಕಂಡಿತು. ಎಷ್ಟೋ ತಟ್ಟೆಗಳು ಖಾಲಿ, ಒಂದೆರಡರಲ್ಲಿ ಮಾತ್ರ ಹಿಂಡುಹಿಂಡು. ವೈರಸ್ ಬಂದ ಮೇಲೆ ಬದಲಾಗುವುದಾಗಿದ್ದರೆ ಎಲ್ಲ ತಟ್ಟೆಯಲ್ಲೂ ಲೆಕ್ಕ ಹೆಚ್ಚುಕಡಿಮೆ ಸಮ ಇರುತ್ತಿತ್ತು. ಅಂದರೆ ವೈರಸ್ ಬಂದದ್ದಕ್ಕೆ ಬ್ಯಾಕ್ಟೀರಿಯಾ ಬದಲಾಗಲಿಲ್ಲ. ಕೆಲವು ಮೊದಲೇ, ಯಾವ ಉದ್ದೇಶವೂ ಇಲ್ಲದೆ ಬದಲಾಗಿದ್ದವು. ಇಬ್ಬರಿಗೂ 1969ರಲ್ಲಿ ನೊಬೆಲ್ ಬಂತು. ಈ ಬಗೆಯ ಆಕಸ್ಮಿಕ ಜೀನ್‌ನಲ್ಲೇ ಉಳಿದು ಮಕ್ಕಳು ಮೊಮ್ಮಕ್ಕಳಿಗೆ ಹೋಗುತ್ತದೆ. ಔಷಧಕ್ಕೆ ಬಗ್ಗದ ಟಿಬಿ ಹುಟ್ಟುವುದೂ ಹೀಗೆಯೇ.

ಮರುವರ್ಷ, 1944ರಲ್ಲಿ, ಐರ್ಲೆಂಡಿನ ಜೋಸೆಫ್ ಬಿಗ್ಗರ್ ಎರಡನೆಯ ಬಗೆಯನ್ನು ಕಂಡರು. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಗಳಿಗೆ ಪೆನಿಸಿಲಿನ್ ಹಾಕಿದರೆ ಹೆಚ್ಚುಕಡಿಮೆ ಹತ್ತು ಲಕ್ಷಕ್ಕೆ ಒಂದು ಬದುಕುತ್ತಿತ್ತು. ಸರಿ, ಇದು ಔಷಧಕ್ಕೆ ಬಗ್ಗದ ಜಾತಿ ಇರಬೇಕು ಅಂತ ಅದನ್ನೇ ಬೆಳೆಸಿ ನೋಡಿದರೆ, ಅದರ ಸಂತಾನ ಪೆನಿಸಿಲಿನ್‌ಗೆ ಎಂದಿನಂತೆ ಸಾಯುತ್ತಿತ್ತು! ಅದು ಬದಲಾಗಿರಲೇ ಇಲ್ಲ, ಆ ಹೊತ್ತಿಗೆ ಬೆಳೆಯದೆ ಸುಮ್ಮನಿತ್ತು ಅಷ್ಟೇ. ಅವರು ಇವನ್ನು ‘ಪರ್ಸಿಸ್ಟರ್’ ಎಂದು ಕರೆದರು.

ಹೊಲ ಮಾಡುವವರಿಗೆ ಇದನ್ನು ವಿವರಿಸುವುದೇ ಬೇಡ. ಕಳೆ ಬೀಜವೆಲ್ಲ ಒಂದೇ ಮಳೆಗೆ ಮೊಳೆಯುವುದಿಲ್ಲ. ಮೊದಲ ಮಳೆಗೆ ಹುಟ್ಟಿದ್ದನ್ನು ಕುಂಟೆ ಹೊಡೆದು ಮುಗಿಸಿದರೆ ಮುಂದಿನ ಮಳೆಗೆ ಇನ್ನಷ್ಟು ತಲೆಯೆತ್ತುತ್ತವೆ. ಬಿಗ್ಗರ್ ಸೂಚಿಸಿದ ಉಪಾಯವೂ ಅದೇ: ಔಷಧ ಕೊಡಿ, ನಿಲ್ಲಿಸಿ, ಮಲಗಿದ್ದವು ಎದ್ದ ಮೇಲೆ ಮತ್ತೆ ಕೊಡಿ. ಅದು ರೂಢಿಗೆ ಬರಲಿಲ್ಲ. ಎಲ್ಲರ ಗಮನ ಔಷಧಕ್ಕೆ ಬಗ್ಗದ ಜಾತಿಗಳ ಕಡೆ ಹೋಯಿತು, ಪರ್ಸಿಸ್ಟರ್ ದಶಕಗಳ ಕಾಲ ಮೂಲೆ ಸೇರಿತು.

ಟಿಬಿ ವೈದ್ಯರಿಗೆ ಮಾತ್ರ ಮರೆಯುವ ಅನುಕೂಲ ಇರಲಿಲ್ಲ. 1950ರ ದಶಕದಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಟಿಬಿ ತಗುಲಿಸಿದ ಇಲಿಗಳಿಗೆ ಹನ್ನೆರಡು ವಾರ ಐಸೊನಿಯಜಿಡ್, ಪೈರಜಿನಮೈಡ್ ಎಂಬ ಎರಡು ಟಿಬಿ ಔಷಧ ಕೊಟ್ಟಿತು. ಅಂಗಾಂಗ ಅರೆದು ಬೆಳೆಸಿ ನೋಡಿದರೂ ಒಂದು ಬ್ಯಾಕ್ಟೀರಿಯಾ ಸಿಗಲಿಲ್ಲ. ಔಷಧ ನಿಲ್ಲಿಸಿ ಮೂರು ತಿಂಗಳು ಬಿಟ್ಟರೆ ಸುಮಾರು ಮೂರನೇ ಒಂದು ಪಾಲು ಇಲಿಗಳಲ್ಲಿ ಟಿಬಿ ವಾಪಸ್! ಇಂಥ ಮರುಕಳಿಕೆಯ ಭಯದಿಂದಲೇ ಚಿಕಿತ್ಸೆ ಒಂದೂವರೆ ಎರಡು ವರ್ಷ ಎಳೆಯುತ್ತಿತ್ತು. ರಿಫಾಂಪಿಸಿನ್ ಎಂಬ ಔಷಧ ಬಂದ ಮೇಲೆ ಆರು ತಿಂಗಳಿಗೆ ಇಳಿಯಿತು.

ಈ ನಡುವೆ 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನ, ಸ್ಯಾನಿಟೋರಿಯಂ ಬೇಡ, ಮನೆಯಲ್ಲೇ ಮಾತ್ರೆ ತೆಗೆದುಕೊಂಡರೂ ಗುಣವಾಗುತ್ತದೆ ಎಂದು ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತಲೆಯೆತ್ತಿತು. ಹಳ್ಳಿಯ ಆಸ್ಪತ್ರೆಗೂ ಒಗ್ಗುವ ಕಾರ್ಯಕ್ರಮದ ನಕ್ಷೆ ತಯಾರಾದದ್ದು ಅಲ್ಲೇ. ಮನೆಗೆ ಮಾತ್ರೆ ಬಂದ ಜತೆಗೆ ಮಾತ್ರೆ ಬಿಡುವವರ ಲೆಕ್ಕವೂ ಬಂತು. ದಾಖಲೆಯಲ್ಲಿ ಅವರ ಹೆಸರು ‘ಡಿಫಾಲ್ಟರ್’, ಸಾಲ ಕಟ್ಟದವರಿಗೆ ಹೇಳುವ ಪದ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟದ್ದು 2013ರಲ್ಲಿ. ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆದವರ ತಪ್ಪು ಬರೆಯಲು ರಿಜಿಸ್ಟರಿನಲ್ಲಿ ಜಾಗ ಇತ್ತು, ಮಲಗಿದ ಬ್ಯಾಕ್ಟೀರಿಯಾದ ಪಾಲು ಬರೆಯಲು ಇರಲಿಲ್ಲ.

ಆ ಪಾಲು ಕಣ್ಣಿಗೆ ಕಂಡದ್ದು ಈ ಶತಮಾನದಲ್ಲಿ. 2002ರಲ್ಲಿ ಮೈಕೆಲ್ ಎಲೋವಿಟ್ಜ್ ತಂಡ ಒಂದೇ ಬ್ಯಾಕ್ಟೀರಿಯಾದೊಳಗೆ ಎರಡು ಬಣ್ಣದ ಹೊಳೆಯುವ ಪ್ರೋಟೀನ್ ಇಟ್ಟಿತು. ಎರಡಕ್ಕೂ ಸ್ವಿಚ್ ಒಂದೇ ಥರದ್ದು. ಎಲ್ಲ ಕರಾರುವಾಕ್ಕಾಗಿ ನಡೆದರೆ ಎರಡು ಬಣ್ಣವೂ ಸಮ ಇರಬೇಕಿತ್ತು. ಚಿತ್ರದಲ್ಲಿ ಕೆಲವು ಕೆಂಪಗೆ, ಕೆಲವು ಹಸಿರಗೆ, ಉಳಿದವು ಎರಡೂ ಬೆರೆತು ಹಳದಿ. ಕಾರಣ ಸರಳ. ಜೀವಕೋಶದೊಳಗೆ ಎಷ್ಟೋ ಅಣುಗಳು ಬೆರಳೆಣಿಕೆಯಷ್ಟೇ ಇರುತ್ತವೆ, ಜೀನ್‌ನ ನಕಲು ಒಂದೋ ಎರಡೋ. ಮೆಜೆಸ್ಟಿಕ್‌ನಿಂದ ಒಂದು ಬಸ್ ಹೊರಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ದಿನಕ್ಕೆ ಎರಡೇ ಬಸ್ ಬರುವ ಊರಿಗೆ ಒಂದು ತಪ್ಪಿದರೆ ಅರ್ಧ ದಿನ ಹಾಳು. ಕೋಶದ ಒಳಗಿನದು ಆ ಎರಡು ಬಸ್ಸಿನ ಊರು.

ಎರಡು ವರ್ಷದ ಬಳಿಕ ನಥಾಲಿ ಬಲಬಾನ್ ಮತ್ತು ಸಂಗಡಿಗರು ಒಂದೊಂದೇ ಬ್ಯಾಕ್ಟೀರಿಯಾವನ್ನು ಸಣ್ಣ ಕಾಲುವೆಗಳಲ್ಲಿ ಕೂರಿಸಿ ಚಿತ್ರೀಕರಿಸಿದರು. ಆಂಟಿಬಯೋಟಿಕ್ ಬಂದಾಗ ಬದುಕಿದವು ಅದು ಬರುವ ಮೊದಲೇ ನಿಧಾನವಾಗಿದ್ದವು. ಬಿಗ್ಗರ್ ಊಹೆಗೆ ಅರುವತ್ತು ವರ್ಷದ ಮೇಲೆ ಸಾಕ್ಷಿ. 2013ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಡೆದ ಪ್ರಯೋಗ ಇನ್ನೂ ವಿಚಿತ್ರ. ಐಸೊನಿಯಜಿಡ್ ತಾನಾಗಿ ವಿಷವಲ್ಲ. ಬ್ಯಾಕ್ಟೀರಿಯಾದ್ದೇ ಆದ ಕ್ಯಾಟ್‌ಜಿ ಎಂಬ ಕಿಣ್ವ ಅದನ್ನು ವಿಷ ಮಾಡುತ್ತದೆ. ಟಿಬಿಯ ಸಾಧು ಸಂಬಂಧಿಯೊಂದರಲ್ಲಿ ನೋಡಿದರೆ ಆ ಕಿಣ್ವ ಬಿಟ್ಟುಬಿಟ್ಟು, ಯಾವಾಗಲೋ ಒಮ್ಮೆ ಉಕ್ಕುತ್ತಿತ್ತು. ಉಕ್ಕಿದಾಗ ಔಷಧ ಇದ್ದರೆ ಸಾವು, ಇಲ್ಲದಿದ್ದರೆ ಬಚಾವ್. ಅಂದರೆ ಬದುಕುವುದಕ್ಕೆ ಮಲಗಲೇಬೇಕೆಂದೂ ಇಲ್ಲ. ಮನುಷ್ಯನ ಶ್ವಾಸಕೋಶದಲ್ಲಿ ಆಮ್ಲಜನಕ ಇಲ್ಲದ, ಔಷಧ ಸರಿಯಾಗಿ ತಲುಪದ ಜಾಗಗಳ ಪಾಲೂ ಇದೆ, ಎಲ್ಲವನ್ನೂ ಆಕಸ್ಮಿಕದ ತಲೆಗೆ ಕಟ್ಟಬಾರದು.

ನಮ್ಮ ಸ್ವಂತ ಕೋಶಗಳೂ ಇದಕ್ಕೆ ಹೊರತಲ್ಲ. ಹೆಣ್ಣಿನ ಪ್ರತಿ ಕೋಶ ಭ್ರೂಣದ ಹಂತದಲ್ಲೇ ಎರಡು ಎಕ್ಸ್ ಕ್ರೋಮೊಸೋಮುಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಮುಚ್ಚಿಬಿಡುತ್ತದೆ (ಮೇರಿ ಲಯನ್ ಹೇಳಿದ್ದು, 1961). ಎಕ್ಸ್ ಮೇಲಿರುವ ಹಿಮೋಫಿಲಿಯಾ ಜೀನ್ ಹೊತ್ತ ಅಕ್ಕತಂಗಿಯರಲ್ಲಿ ಒಬ್ಬಳಿಗೆ ಏನೂ ಆಗದೆ, ಇನ್ನೊಬ್ಬಳಿಗೆ ಹಲ್ಲು ಕಿತ್ತರೂ ರಕ್ತ ನಿಲ್ಲದಿರಲು ಇದೂ ಒಂದು ಕಾರಣ.

ಕ್ಯಾನ್ಸರ್ ವಿಷಯದಲ್ಲಿ ಗೊಂದಲ ಬಹಳ ಆಯಿತು. ಕೋಶ ಒಡೆದು ಎರಡಾಗುವ ಪ್ರತಿ ಸಲ ಜೀನ್ ನಕಲಿನಲ್ಲಿ ಆಕಸ್ಮಿಕ ತಪ್ಪು ನುಸುಳಬಹುದು. ಯಾವ ಅಂಗದ ಕಾಂಡಕೋಶಗಳು (ಹೊಸ ಕೋಶ ಹುಟ್ಟಿಸುವ ಸ್ಟೆಮ್ ಸೆಲ್‌ಗಳು) ಹೆಚ್ಚು ಸಲ ವಿಭಜಿಸುತ್ತವೋ ಅಲ್ಲಿ ಕ್ಯಾನ್ಸರ್ ಹೆಚ್ಚು. ಅಂಗದಿಂದ ಅಂಗಕ್ಕಿರುವ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಇದು ವಿವರಿಸುತ್ತದೆ ಎಂದು 2015ರಲ್ಲಿ ಟೊಮಾಸೆಟ್ಟಿ ಮತ್ತು ವೋಗೆಲ್‌ಸ್ಟೈನ್ ಬರೆದರು. ಸುದ್ದಿಯಾಗುವಷ್ಟರಲ್ಲಿ ಅದು ‘ಮೂರರಲ್ಲಿ ಎರಡು ಕ್ಯಾನ್ಸರ್‌ಗೆ ದುರದೃಷ್ಟವೇ ಕಾರಣ’ ಎಂದಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಬಹಿರಂಗವಾಗಿ ಆಕ್ಷೇಪಿಸಿತು. ನಮ್ಮಲ್ಲಿ ಇಂಥದ್ದು ನೇರ ‘ಹಣೆಬರಹ’ದ ಖಾತೆಗೆ ಜಮೆಯಾಗುತ್ತದೆ. ಚೌಕಾಬಾರದಲ್ಲಿ ಕವಡೆ ಹೇಗೆ ಬೀಳುತ್ತದೆ ಅನ್ನುವುದು ಆಕಸ್ಮಿಕ, ಎಷ್ಟು ಸಲ ಎಸೆಯುತ್ತೇವೆ ಅನ್ನುವುದಲ್ಲ. ಗುಟ್ಕಾ ಜಗಿಯುವವರ ಬಾಯಿಯಲ್ಲಿ ಕವಡೆ ಬಿಡುವಿಲ್ಲದೆ ಬೀಳುತ್ತಿರುತ್ತದೆ.

ಟಿಬಿಗೆ ನಾಲ್ಕೇ ತಿಂಗಳಲ್ಲಿ ಮುಗಿಯುವ, ರಿಫಾಪೆಂಟಿನ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಇರುವ ಕೋರ್ಸ್ ಆರು ತಿಂಗಳಿನದಕ್ಕೆ ಕಡಿಮೆಯಲ್ಲ ಎಂದು 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿದೆ. ನಮ್ಮಲ್ಲಿ ಸಾಮಾನ್ಯ ಟಿಬಿಗೆ ರೂಢಿಯಲ್ಲಿರುವುದು ಆರು ತಿಂಗಳಿನದೇ. ಎರಡು ತಿಂಗಳಾದ ಮೇಲೆ ಪೈರಜಿನಮೈಡ್ ನಿಲ್ಲುತ್ತದೆ, ಉಳಿದ ಮೂರು ಔಷಧ ಮುಂದುವರಿಯುತ್ತವೆ. ಅವುಗಳಲ್ಲಿ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ರಿಫಾಂಪಿಸಿನ್, ಯಾವಾಗಲೋ ಸ್ವಲ್ಪ ಹೊತ್ತು ಎದ್ದು ಮತ್ತೆ ಮಲಗುವ ಬ್ಯಾಕ್ಟೀರಿಯಾವನ್ನೂ ಹಿಡಿಯುತ್ತದೆ. ಅದು ಏಳುವುದು ಯಾವ ದಿನ ಎಂದು ಹೇಳುವ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ.