ಮೂರು ಮೆಗಾಬಿಟ್, ಒಂದು ತಿಂಗಳು, ಒಂದು ಟೆರಾಬೈಟ್: ಡೇಟಾ ಸಂಗ್ರಹದ ವ್ಯವಹಾರ ಕುರಿತ ಟಿಪ್ಪಣಿ

ಬಿ.ಸಿ.ಎ. ಕೊನೆಯ ವರ್ಷದ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂರಲಿ ಎಂಬ ಆಸೆಯೂ ಇದೆ. ಪಾಠದ ಪ್ರಶ್ನೆ ಇಷ್ಟು: ಡೇಟಾ ಬೆಳೆಯುತ್ತಾ ಹೋದರೆ ಸರ್ವರ್, ಡಿಸ್ಕ್, ಬ್ಯಾಕಪ್ ಒದಗಿಸುವವರಿಗೆ ಕೆಲಸ ಎಲ್ಲಿ ಹುಟ್ಟುತ್ತದೆ? ಬೆಳವಣಿಗೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್ ಡಿಸ್ಕ್ ಘಟಕದಲ್ಲಿ 50 ತಟ್ಟೆಗಳಿದ್ದವು. ಅಷ್ಟರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಇಂದು ಅದು ಮೊಬೈಲಿನ ಒಂದೆರಡು ಫೋಟೋಗಳಿಗೆ ಸಾಕು.

ನಾನು ಎಡವಿದ ಜಾಗ

ಮಧ್ಯಾಹ್ನದ ಹೊತ್ತು ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್ ಒಂದಕ್ಕೆ 8 ಕ್ಯಾಮೆರಾ ಬೇಕಿತ್ತು, 30 ದಿನಗಳ ದೃಶ್ಯ ಉಳಿಯಬೇಕಿತ್ತು. ಪ್ರತಿ ಕ್ಯಾಮೆರಾದ ವೇಗ 4 ಎಂಬಿಪಿಎಸ್. ದಿನಕ್ಕೆ 86,400 ಸೆಕೆಂಡು. ನಾಲ್ಕರಿಂದ ಗುಣಿಸಿದೆ, 345.6 ಜಿಬಿ ಬಂತು (1,000 ಎಂಬಿಗೆ ಒಂದು ಜಿಬಿ, 1,000 ಜಿಬಿಗೆ ಒಂದು ಟಿಬಿ, ಅಂದರೆ ಟೆರಾಬೈಟ್). 30 ದಿನ, 8 ಕ್ಯಾಮೆರಾ ಎಂದು ಲೆಕ್ಕ ಮುಂದುವರಿಸಿದಾಗ 83 ಟಿಬಿ. ಅದೇ ಕೊಟೇಶನ್ ಕೊಟ್ಟೆ. ಮಾಲೀಕರು ಕಾಗದವನ್ನು ಎರಡು ಸಲ ನೋಡಿ, “ತಮ್ಮಾ, ಪಕ್ಕದವರು ನಾಲ್ಕು ಡಿಸ್ಕಿನಲ್ಲಿ ಮುಗಿಸಿದ್ದಾರೆ. ನನಗೇಕೆ ಇಷ್ಟು?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ತಪ್ಪು ಇದ್ದದ್ದು ‘ಎಂಬಿ’ಯಲ್ಲಿ. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್, ನಾನು ಮೆಗಾಬೈಟ್ ಎಂದುಕೊಂಡಿದ್ದೆ. ಇಂಗ್ಲಿಷಿನಲ್ಲಿ ಚಿಕ್ಕ ಬಿ ಬರೆದರೆ ಬಿಟ್, ದೊಡ್ಡ ಬಿ ಬರೆದರೆ ಬೈಟ್. ಕನ್ನಡದಲ್ಲಿ ಬರೆದಾಗ ಎರಡೂ ‘ಎಂಬಿ’ ಆಗಿಬಿಡುತ್ತವೆ, ಬಾಯಲ್ಲಿ ಹೇಳುವಾಗಲೂ ಹಾಗೆಯೇ. ಆದರೆ ಒಂದು ಬೈಟ್ ಎಂದರೆ ಎಂಟು ಬಿಟ್. ನಾನು ಎಂಟರಿಂದ ಭಾಗಿಸಿರಲಿಲ್ಲ, ಆದ್ದರಿಂದ ಉತ್ತರ ಎಂಟು ಪಟ್ಟು ಉಬ್ಬಿತ್ತು. ಈಗ ಹೀಗೆ ನೆನಪಿಟ್ಟುಕೊಂಡಿದ್ದೇನೆ: ತಂತಿಯಲ್ಲಿ ಹರಿಯುವುದು ಬಿಟ್, ಡಿಸ್ಕಿನಲ್ಲಿ ಕೂರುವುದು ಬೈಟ್. ಕ್ಯಾಮೆರಾದ ವೇಗ, ಇಂಟರ್‌ನೆಟ್ ವೇಗ ಎಲ್ಲವೂ ಹರಿಯುವವು. ಡಿಸ್ಕಿನ ಗಾತ್ರ ಕೂರುವುದು. ಹರಿಯುವುದರಿಂದ ಕೂರುವುದಕ್ಕೆ ಬರುವಾಗಲೆಲ್ಲ ಎಂಟರಿಂದ ಭಾಗಿಸಬೇಕು.

ಮತ್ತೆ ಮಾಡೋಣ. 4 ಮೆಗಾಬಿಟ್ ಎಂದರೆ ಅರ್ಧ ಮೆಗಾಬೈಟ್. 86,400ರ ಅರ್ಧ 43,200 ಮೆಗಾಬೈಟ್, ಅಂದರೆ ದಿನಕ್ಕೆ 43.2 ಜಿಬಿ. 30 ದಿನಕ್ಕೆ 1,296 ಜಿಬಿ. 8 ಕ್ಯಾಮೆರಾಗಳಿಗೆ 10.4 ಟಿಬಿ.

ಇದರಿಂದ ಒಂದು ಅಡ್ಡದಾರಿ ಸಿಕ್ಕಿತು, ನನಗೆ ಬಹಳ ಇಷ್ಟವಾಗಿದೆ. 86,400 ಅನ್ನು 8ರಿಂದಲೂ 1,000ದಿಂದಲೂ ಭಾಗಿಸಿದರೆ 10.8. ಎಷ್ಟು ಮೆಗಾಬಿಟ್ ವೇಗವೋ ಅದನ್ನು 10.8ರಿಂದ ಗುಣಿಸಿದರೆ ದಿನದ ಜಿಬಿ ನೇರವಾಗಿ ಬರುತ್ತದೆ. ಒಂದು ಮೆಗಾಬಿಟ್ ತಿಂಗಳಿಗೆ 324 ಜಿಬಿ. ಮೂರು ಮೆಗಾಬಿಟ್ 972, ಹತ್ತಿರ ಹತ್ತಿರ ಒಂದು ಟೆರಾಬೈಟ್. ಗ್ರಾಹಕರ ಮುಂದೆ ನಿಂತಾಗ ಇಷ್ಟೇ ಸಾಕು: 8 ಕ್ಯಾಮೆರಾ, 32 ಮೆಗಾಬಿಟ್, ಮೂರರಿಂದ ಭಾಗಿಸಿದರೆ 10.7 ಟಿಬಿ. ಸ್ವಲ್ಪ ಹೆಚ್ಚೇ ಬರುತ್ತದೆ. ಜಾಗದ ಲೆಕ್ಕದಲ್ಲಿ ಕಡಿಮೆ ಬೀಳುವುದಕ್ಕಿಂತ ಅದು ಒಳ್ಳೆಯದು.

4 ಟಿಬಿಯ ನಾಲ್ಕು ಡಿಸ್ಕುಗಳನ್ನು ರೇಡ್ 5ರಲ್ಲಿ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಡಿಸ್ಕುಗಳನ್ನು ಒಟ್ಟುಗೂಡಿಸುವ ವಿಧಾನ) ಜೋಡಿಸಿದರೆ ಒಂದು ಡಿಸ್ಕಿನಷ್ಟು ಜಾಗ ರಕ್ಷಣೆಗೆ ಹೋಗಿ 12 ಟಿಬಿ ಉಳಿಯುತ್ತದೆ. ಪಕ್ಕದವರ ನಾಲ್ಕು ಡಿಸ್ಕು ಸರಿಯಾಗಿಯೇ ಇತ್ತು. (ವಿಂಡೋಸ್ ಅದನ್ನೇ 10.9 ಎಂದು ತೋರಿಸುತ್ತದೆ, ಏಕೆಂದರೆ ಅದು 1,000ದ ಬದಲು 1,024ರ ಲೆಕ್ಕ ಹಿಡಿಯುತ್ತದೆ. ಜಾಗ ಕಳೆದುಹೋಗಿಲ್ಲ.)

ಗೇಟು ಇರುವ ಅಣೆಕಟ್ಟು, ಗೇಟು ಇಲ್ಲದ ಅಣೆಕಟ್ಟು

ಅವಕಾಶ ಎಲ್ಲಿದೆ ಎಂಬುದು ನನಗೆ ತಿಳಿದದ್ದು ಇಲ್ಲಿ. ಆಲಮಟ್ಟಿಗೆ 26 ಗೇಟುಗಳಿವೆ. ತುಂಬಿದ ಮೇಲೆ ಬಂದಷ್ಟೇ ನೀರನ್ನು ಹೊರಬಿಡುತ್ತಾರೆ, ಮಟ್ಟ ಅಲ್ಲೇ ನಿಲ್ಲುತ್ತದೆ. ಕ್ಯಾಮೆರಾದ ಡೇಟಾ ಹಾಗೆಯೇ. 31ನೆಯ ದಿನ ಮೊದಲ ದಿನದ ದೃಶ್ಯ ಅಳಿಯುತ್ತದೆ. 10.4 ಟಿಬಿ ಎಷ್ಟು ವರ್ಷವಾದರೂ 10.4 ಟಿಬಿಯೇ. ಅಂತಹ ಗ್ರಾಹಕರು ಒಮ್ಮೆ ಕೊಂಡರೆ ಡಿಸ್ಕ್ ಕೆಡುವವರೆಗೆ ಮತ್ತೆ ಬರುವುದಿಲ್ಲ.

ಈಗ ಒಂದು ಸಿ.ಟಿ. ಸ್ಕ್ಯಾನ್ ಕೇಂದ್ರವನ್ನು ನೋಡಿ. ಒಂದು ಚಿತ್ರಕ್ಕೆ 512 ಗುಣಿಸು 512 ಬಿಂದು, ಪ್ರತಿ ಬಿಂದುವಿಗೆ 2 ಬೈಟ್: ಸುಮಾರು ಅರ್ಧ ಎಂಬಿ. ಒಬ್ಬ ರೋಗಿಗೆ 400 ಚಿತ್ರ ಎಂದುಕೊಂಡರೆ 210 ಎಂಬಿ. ದಿನಕ್ಕೆ 20 ರೋಗಿಗಳಾದರೆ 4.2 ಜಿಬಿ, ವರ್ಷದ 300 ಕೆಲಸದ ದಿನಗಳಿಗೆ 1.26 ಟಿಬಿ. ಒಂದೇ ಒಂದು ಕ್ಯಾಮೆರಾ ತಿಂಗಳಲ್ಲಿ ತುಂಬುವಷ್ಟನ್ನು ಈ ಯಂತ್ರ ವರ್ಷವಿಡೀ ತುಂಬುತ್ತದೆ. ಮೊದಲು ನೋಡಿದಾಗ ಇದು ಸಣ್ಣ ಗ್ರಾಹಕರೆಂದೇ ನನಗೂ ಅನ್ನಿಸಿತ್ತು. ಆದರೆ ಹಳೆಯ ಸ್ಕ್ಯಾನುಗಳನ್ನು ಇಟ್ಟುಕೊಳ್ಳುತ್ತಲೇ ಹೋದರೆ ಇಲ್ಲಿ ಗೇಟು ತೆರೆಯುವುದೇ ಇಲ್ಲ. ಐದು ವರ್ಷಕ್ಕೆ 6.3 ಟಿಬಿ. ಕಳೆದುಹೋಗಬಾರದ ಡೇಟಾಕ್ಕೆ 3-2-1 ನಿಯಮ ಅನ್ವಯಿಸುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲೋ ಕ್ಲೌಡಿನಲ್ಲೋ. ಆಗ 18.9 ಟಿಬಿ. ಎಂಟು ಕ್ಯಾಮೆರಾಗಳನ್ನು ಅದು ಹಿಂದೆ ಹಾಕಿತು, ಮತ್ತು ಆರನೆಯ ವರ್ಷವೂ ಬೆಳೆಯುತ್ತದೆ.

ರೇಡ್ ಇದೆಯಲ್ಲ, ಮೂರು ಪ್ರತಿ ಏಕೆ ಎಂದು ಗ್ರಾಹಕರು ಖಂಡಿತ ಕೇಳುತ್ತಾರೆ. ರೇಡ್ ಡಿಸ್ಕ್ ಕೆಟ್ಟಾಗ ಕಾಯುತ್ತದೆ. ಯಾರಾದರೂ ಕಡತ ಅಳಿಸಿದರೆ, ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಹೊಕ್ಕರೆ, ಆ ಹಾನಿಯೂ ಕೂಡಲೇ ಎಲ್ಲ ಡಿಸ್ಕುಗಳಿಗೆ ಹೋಗುತ್ತದೆ. ರೇಡ್ ಬ್ಯಾಕಪ್ ಅಲ್ಲ.

ಕೆಲವೆಡೆ ಗೇಟನ್ನು ಯಾವಾಗ ತೆರೆಯಬಹುದೆಂದು ಕಾನೂನೇ ಹೇಳುತ್ತದೆ. ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷ ಇಟ್ಟುಕೊಳ್ಳಬೇಕು. 2022ರ ಆಗಸ್ಟ್ ತಿದ್ದುಪಡಿಯ ಪ್ರಕಾರ ಗಣಕದಲ್ಲಿರುವ ಲೆಕ್ಕದ ಬ್ಯಾಕಪ್ ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಆಗಬೇಕು. ಜಿಎಸ್‌ಟಿ ದಾಖಲೆಗಳಿಗೆ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು. ಈ ಅವಧಿಗಳನ್ನು ತಿಳಿದು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಗೆ ಹೋಗಿ ‘ನಿಮ್ಮ ಲೆಕ್ಕದ ಬ್ಯಾಕಪ್ ಎಲ್ಲಿದೆ, ನಿನ್ನೆ ಆಯಿತೇ?’ ಎಂದು ಕೇಳಬಲ್ಲವರಿಗೆ ಡಿಸ್ಕ್ ಮಾರುವವರಿಗಿಂತ ಹೆಚ್ಚು ಕೆಲಸವಿದೆ. ಡಿಸ್ಕನ್ನು ಗ್ರಾಹಕರು ಆನ್‌ಲೈನಿನಲ್ಲೂ ಕೊಳ್ಳುತ್ತಾರೆ. ಪ್ರತಿದಿನ ಬ್ಯಾಕಪ್ ಆಯಿತೇ ಎಂದು ನೋಡುವುದು, ವರ್ಷಕ್ಕೆರಡು ಸಲ ಅದರಿಂದ ಕಡತ ಮರಳಿ ತೆಗೆದು ತೋರಿಸುವುದು, ಇದಕ್ಕೆ ಜನ ಬೇಕು.

10.8 ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ಸ್ಕ್ಯಾನ್ ಕೇಂದ್ರದ 6.3 ಟಿಬಿಯನ್ನು 50 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಕ್ಲೌಡಿಗೆ ಕಳಿಸಿದರೆ ದಿನಕ್ಕೆ 540 ಜಿಬಿ, ಒಟ್ಟು ಸುಮಾರು 12 ದಿನ, ಅದೂ ಲೈನ್ ಒಮ್ಮೆಯೂ ನಿಲ್ಲದಿದ್ದರೆ. ದಿನದ 4.2 ಜಿಬಿಗಾದರೆ 11 ನಿಮಿಷ ಸಾಕು. ಆದ್ದರಿಂದ ಮೊದಲ ಪ್ರತಿಯನ್ನು ಡಿಸ್ಕಿನಲ್ಲಿ ತುಂಬಿ ಕಳಿಸಿ, ಆಮೇಲಿನದನ್ನು ದಿನವೂ ರಾತ್ರಿ ಲೈನಿನಲ್ಲಿ ಕಳಿಸುವ ಏರ್ಪಾಡು ಒಳ್ಳೆಯದು.

ಅಭ್ಯಾಸಕ್ಕೆ: 12 ಕ್ಯಾಮೆರಾ, ತಲಾ 2 ಮೆಗಾಬಿಟ್, 15 ದಿನ. ಮೊದಲು ಅಡ್ಡದಾರಿಯಲ್ಲಿ ಮಾಡಿ, 4 ಟಿಬಿ ಬರಬೇಕು. ಆಮೇಲೆ 10.8ರಿಂದ ಮಾಡಿ, 3,888 ಜಿಬಿ ಬರಬೇಕು. 31,000ದ ಆಸುಪಾಸು ಬಂದರೆ ಎಂಟರಿಂದ ಭಾಗಿಸಿಲ್ಲ.