ಸೌರೊನ್, ಕೆಲೆಬೊರ್ನ್, ಖಜದ್-ದೂಮ್: ಕಲ್ಪಿತ ಹೆಸರುಗಳನ್ನು ಹೇಗೆ ಓದಬೇಕು?

ಓದುಗರ ಪ್ರಶ್ನೆ: ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಗಳನ್ನು ಓದುವಾಗ ಪಾತ್ರಗಳ ಹೆಸರು ಬಂದ ಕಡೆಯೆಲ್ಲ ತಡವರಿಸುತ್ತೇನೆ. ಯಾವ ನಿಘಂಟಿನಲ್ಲಿಯೂ ಸಿಗದ ಈ ಹೆಸರುಗಳನ್ನು ಹೇಗೆ ಉಚ್ಚರಿಸಬೇಕು? ನನಗೆ ತೋಚಿದಂತೆ ಓದಿಕೊಂಡರೆ ತಪ್ಪಾಗುತ್ತದೆಯೇ?

ಉತ್ತರ: ಒಬ್ಬರೇ ಕುಳಿತು ಮನಸ್ಸಿನಲ್ಲಿ ಓದಿಕೊಳ್ಳುವಾಗ ನಿಮಗೆ ತೋಚಿದ ಉಚ್ಚಾರಣೆ ತಪ್ಪಲ್ಲ. ಆದರೆ ಹೆಸರನ್ನು ಕಟ್ಟಿದ ಲೇಖಕರೇ ಅದನ್ನು ಹೀಗೆ ಓದಬೇಕೆಂದು ಬರೆದಿಟ್ಟಿದ್ದರೆ, ಆ ಮಾತನ್ನು ಒಮ್ಮೆ ನೋಡಿಕೊಂಡು ಓದುವುದು ಮೇಲು ಎಂದು ನಾನು ದೃಢವಾಗಿ ನಂಬಿದ್ದೇನೆ. ಶ್ರದ್ಧೆಯಿಂದ ಕಟ್ಟಿದ ಹೆಸರಿಗೆ ಒಂದು ಅರ್ಥವಿರುತ್ತದೆ, ಹಿಂದೆ ಒಂದು ಭಾಷೆಯ ನೆರಳಿರುತ್ತದೆ. ಧ್ವನಿ ಕೆಟ್ಟರೆ ಅವೆರಡೂ ಕೈತಪ್ಪುತ್ತವೆ. ಕನ್ನಡ ಓದುಬರಹ ಬಲ್ಲವರಿಗೆ ಇದು ಕಷ್ಟದ ಕೆಲಸವೂ ಅಲ್ಲ.

ತೊಡಕು ಹುಟ್ಟುವುದು ಲಿಪಿಯಲ್ಲಿ. ಕನ್ನಡದಲ್ಲಿ ಹೊಸ ಹೆಸರೊಂದು ಎದುರಾದರೆ ಬರೆದಂತೆ ಓದಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಒಂದೇ 'ಸಿ' ಅಕ್ಷರ ಒಂದು ಕಡೆ 'ಕ' ಎಂದೂ ಇನ್ನೊಂದು ಕಡೆ 'ಸ' ಎಂದೂ ಉಚ್ಚಾರವಾಗುತ್ತದೆ. ಪರಿಚಿತ ಪದಗಳಲ್ಲಿ ರೂಢಿ ನಮ್ಮನ್ನು ಕೈಹಿಡಿದು ನಡೆಸುತ್ತದೆ, ಕಲ್ಪಿತ ಹೆಸರಿಗೆ ಆ ಆಸರೆ ಇಲ್ಲ. ಹೀಗಾಗಿ ಎಷ್ಟೋ ಓದುಗರು ಹೆಸರನ್ನು ಉಚ್ಚರಿಸುವ ಗೋಜಿಗೇ ಹೋಗದೆ, ಮೊದಲ ಅಕ್ಷರ ಮತ್ತು ಒಟ್ಟು ಆಕಾರವನ್ನು ಚಿತ್ರದಂತೆ ಗುರುತಿಟ್ಟುಕೊಂಡು ಮುಂದೆ ಸಾಗುತ್ತಾರೆ. ಒಂದೇ ಅಕ್ಷರದಿಂದ ಆರಂಭವಾಗುವ ಇಬ್ಬರು ಬಂದಾಗ ಈ ಉಪಾಯ ಕೈಕೊಡುತ್ತದೆ. ಟಾಲ್ಕೀನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕೃತಿಯ ಸೌರೊನ್ ಮತ್ತು ಸರುಮಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಆ ಕೃತಿಯನ್ನು ಆಧರಿಸಿ 1978ರಲ್ಲಿ ತೆರೆಕಂಡ ಅನಿಮೇಷನ್ ಚಿತ್ರದಲ್ಲಿ ಎರಡನೆಯವನನ್ನು ಹಲವು ದೃಶ್ಯಗಳಲ್ಲಿ 'ಅರುಮಾನ್' ಎಂದೇ ಕರೆಯಲಾಗಿದೆ.

ಲೇಖಕರು ದಾರಿ ತೋರಿಸುವ ಬಗೆ ಹಲವು. ರಾಬರ್ಟ್ ಜೋರ್ಡನ್ 1990ರಲ್ಲಿ ಆರಂಭಿಸಿದ 'ದಿ ವೀಲ್ ಆಫ್ ಟೈಮ್' ಸರಣಿಯ ಪುಸ್ತಕಗಳ ಕೊನೆಯ ಪುಟಗಳಲ್ಲಿ ಪದಕೋಶವಿದೆ, ಅದರಲ್ಲಿ ಹೆಸರುಗಳ ಉಚ್ಚಾರಣೆಯನ್ನು ಬಿಡಿಸಿ ಕೊಟ್ಟಿದ್ದಾರೆ. ಜೆ. ಕೆ. ರೌಲಿಂಗ್ ಉಚ್ಚಾರಣೆಯ ಪಾಠವನ್ನು ಕಥೆಯೊಳಗೇ ತಂದರು: 2000ರಲ್ಲಿ ಪ್ರಕಟವಾದ ಹ್ಯಾರಿ ಪಾಟರ್ ಸರಣಿಯ ನಾಲ್ಕನೆಯ ಪುಸ್ತಕದಲ್ಲಿ ಹರ್ಮೈನಿ ತನ್ನ ಹೆಸರನ್ನು ಹೇಳಲು ತಡವರಿಸುವ ಬಲ್ಗೇರಿಯಾದ ಆಟಗಾರನಿಗೆ ಅದನ್ನು ತುಂಡುತುಂಡಾಗಿ ಹೇಳಿಕೊಡುತ್ತಾಳೆ. ಆ ಹೆಸರು ಗ್ರೀಕ್ ಪುರಾಣದ್ದು, ಲೇಖಕಿ ಕಲ್ಪಿಸಿದ್ದಲ್ಲ. ಆದರೂ ಓದುವ ಮಕ್ಕಳಿಗೆ ಅದು ಹೊಸದಾಗಿಯೇ ಇತ್ತು. ಅದೇ ಸರಣಿಯ ಖಳನಾಯಕನ ಹೆಸರಿನ ಕೊನೆಯ 'ಟಿ' ಉಚ್ಚಾರವಾಗಬಾರದೆಂದು ಅವರು 2015ರಲ್ಲಿ ಸ್ಪಷ್ಟಪಡಿಸುವ ಹೊತ್ತಿಗೆ ಎಲ್ಲ ಚಲನಚಿತ್ರಗಳೂ ಬಂದುಹೋಗಿ, 'ವೋಲ್ಡೆಮಾರ್ಟ್' ಎಂಬ ರೂಪ ಜಗತ್ತಿನ ನಾಲಗೆಯ ಮೇಲೆ ನೆಲೆಗೊಂಡಿತ್ತು. ತಡವಾಗಿ ಬಂದ ನಿಯಮ ರೂಢಿಯನ್ನು ಕದಲಿಸುವುದು ಕಷ್ಟ. ಆ ಹೆಸರನ್ನು ನೀವು 'ಟ'ಕಾರ ಸೇರಿಸಿ ಹೇಳಿದರೆ ನಾನು ತಿದ್ದಲು ಬರುವುದಿಲ್ಲ.

ಟಾಲ್ಕೀನರ ವಿಷಯ ಬೇರೆ. ವೃತ್ತಿಯಿಂದ ಭಾಷಾಶಾಸ್ತ್ರದ ವಿದ್ವಾಂಸರಾಗಿದ್ದ ಅವರು ಮೊದಲು ಭಾಷೆಗಳನ್ನು ಕಟ್ಟಿದರು. ಆ ಭಾಷೆಗಳಿಗೆ ಬಾಳಲು ಒಂದು ಲೋಕ ಬೇಕೆಂದು ಕಥೆಗಳು ಹುಟ್ಟಿದವು ಎಂಬುದು ಅವರದೇ ಹೇಳಿಕೆ. 1954–55ರಲ್ಲಿ ಮೂರು ಸಂಪುಟಗಳಾಗಿ ಬಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕೃತಿಯ ಕೊನೆಯಲ್ಲಿ, ಹೆಚ್ಚಿನವರು ತೆರೆದೂ ನೋಡದ ಅನುಬಂಧಗಳ ನಡುವೆ, ಉಚ್ಚಾರಣೆಗೆಂದೇ ಮೀಸಲಾದ ಪುಟಗಳಿವೆ. ಎಲ್ಫ್ ಎಂಬ ಕಲ್ಪಿತ ಜನಾಂಗದ ಭಾಷೆಗಳ ಹೆಸರುಗಳಲ್ಲಿ 'ಸಿ' ಅಕ್ಷರವು ಎಲ್ಲಿ ಬಂದರೂ 'ಕ' ಎಂದೇ ಓದಬೇಕು ಎಂಬುದು ಅಲ್ಲಿನ ಮೊದಲ ಮಾತುಗಳಲ್ಲಿ ಒಂದು. ಆದ್ದರಿಂದ ಎಲ್ಫ್ ಒಡತಿ ಗಲದ್ರಿಯೆಲ್‌ಳ ಪತಿ 'ಸೆಲೆಬಾರ್ನ್' ಅಲ್ಲ, 'ಕೆಲೆಬೊರ್ನ್'. ಇದೊಂದು ಸಣ್ಣ ತಿದ್ದುಪಡಿಯಂತೆ ಕಂಡರೂ ಇದರಿಂದ ತೆರೆಯುವ ಬಾಗಿಲು ದೊಡ್ಡದು. ಆ ಎಲ್ಫ್ ಭಾಷೆಗಳಲ್ಲೊಂದರಲ್ಲಿ 'ಕೆಲೆಬ್' ಎಂದರೆ ಬೆಳ್ಳಿ. ಕೆಲೆಬ್ರಂತ್ ಎಂಬ ನದಿ, ಕೆಲೆಬ್ದಿಲ್ ಎಂಬ ಪರ್ವತ, ಎಲ್ರೊಂದ್‌ನ ಮಡದಿ ಕೆಲೆಬ್ರೀಯನ್, ಇವೆಲ್ಲದರಲ್ಲಿಯೂ ಅದೇ ಬೆಳ್ಳಿಯ ಹೊಳಪಿದೆ. ನಮ್ಮ ಹೊನ್ನಾಳಿ, ಹೊನ್ನಾವರ, ಹೊನ್ನಪ್ಪಗಳಲ್ಲಿ 'ಹೊನ್ನು' ಕೇಳಿಸುವ ಹಾಗೆ.

ಸ್ವರಗಳ ವಿಷಯಕ್ಕೆ ಬಂದರೆ ಕನ್ನಡದ ಓದುಗರು ಇನ್ನೂ ಭಾಗ್ಯವಂತರು. ಅಕ್ಷರದ ಮೇಲೆ ಗೆರೆಯ ಗುರುತಿದ್ದರೆ ದೀರ್ಘ, ಇಲ್ಲದಿದ್ದರೆ ಹ್ರಸ್ವ ಎಂದು ಟಾಲ್ಕೀನ್ ನಿಯಮ ಮಾಡಿದ್ದಾರೆ. 'ಎ' ಮತ್ತು 'ಏ', 'ಒ' ಮತ್ತು 'ಓ' ಎಂಬ ಭೇದವನ್ನು ನಾವು ಬಾಲ್ಯದಲ್ಲಿಯೇ ತಿದ್ದಿ ಕಲಿತವರಾದ್ದರಿಂದ ಈ ನಿಯಮ ನಮಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಸೌರೊನ್ ಎಂಬ ಹೆಸರನ್ನೇ ಹತ್ತಿರದಿಂದ ನೋಡಿ. ರೋಮನ್ ಲಿಪಿಯ 'ಎ' ಮತ್ತು 'ಯು' ಜೊತೆಯಾಗಿ ಬಂದುದನ್ನು ಕಂಡ ಇಂಗ್ಲಿಷ್ ಓದುಗರು ಅದನ್ನು 'ಸೋ' ಅಥವಾ 'ಸಾ' ಎಂದು ಓದುತ್ತಾರೆ; ಇಂಗ್ಲಿಷ್ ಶಾಲೆಯಲ್ಲಿ 'ಆಗಸ್ಟ್' ಕಲಿತ ನಾವೂ ಹಾಗೆಯೇ ಓದುತ್ತೇವೆ. ಲೇಖಕರು ಹೇಳಿದ್ದು ನಮ್ಮ 'ಔ'ಕಾರವನ್ನು. 'ಸೌದೆ', 'ಸೌತೆ' ಎನ್ನುವಾಗ ಬಾಯಿ ಹೇಗೆ ತೆರೆದು ಮುಚ್ಚಿಕೊಳ್ಳುತ್ತದೆಯೋ ಹಾಗೆಯೇ 'ಸೌರೊನ್'. ಅದೇ ಲಿಪಿಯ 'ಎ' ಮತ್ತು 'ಐ' ಜೊತೆಯಾದರೆ ನಮ್ಮ 'ಐ'ಕಾರ. 'ಆರ್' ಅಕ್ಷರವನ್ನು ಎಲ್ಲ ಸ್ಥಾನಗಳಲ್ಲಿಯೂ ನಾಲಗೆ ಕಂಪಿಸುವಂತೆ ಉಚ್ಚರಿಸಬೇಕು, ವ್ಯಂಜನಕ್ಕೆ ಮೊದಲು ಬಂದಾಗ ಇಂಗ್ಲಿಷಿನಲ್ಲಿ ಮಾಡುವಂತೆ ನುಂಗಬಾರದು ಎಂದಿದ್ದಾರೆ. 'ಮೊರ್ದೊರ್' ಎನ್ನುವಾಗ ನಮ್ಮ ನಾಲಗೆ ಎರಡು ರೇಫಗಳನ್ನೂ ತಾನಾಗಿಯೇ ನುಡಿಯುತ್ತದೆ. 'ಟಿ', 'ಡಿ'ಗಳೂ ಅಲ್ಲಿ ದಂತ್ಯಗಳು. ಇಂಗ್ಲಿಷ್ ಪದವೆಂಬ ಅಭ್ಯಾಸದಿಂದ 'ಟ', 'ಡ' ಎಂದು ಬರೆಯುವ ಬದಲು 'ತ', 'ದ' ಎಂದು ಬರೆದುಕೊಂಡರೆ ಮೂಲಕ್ಕೆ ಹತ್ತಿರವಾಗುತ್ತೀರಿ.

ನನಗೆ ಅತ್ಯಂತ ಪ್ರಿಯವಾದ ಸಂಗತಿ ಅದೇ ಕೃತಿಯ ಇನ್ನೊಂದು ಜನಾಂಗವಾದ ಕುಬ್ಜರ ಭಾಷೆಯದು. ಎಲ್ಫ್ ಹೆಸರುಗಳಲ್ಲಿ 'ಟಿ' ಮತ್ತು 'ಎಚ್' ಜೊತೆಯಾಗಿ ಬಂದರೆ ಅದು ಇಂಗ್ಲಿಷಿನ 'ಥಿನ್' ಪದದ ಆರಂಭದ, ಹಲ್ಲುಗಳ ನಡುವೆ ಉಸಿರು ಜಾರುವ ಧ್ವನಿ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ, 'ಥ' ಬರೆದು ಸುಧಾರಿಸಿಕೊಳ್ಳಬೇಕು. ಕುಬ್ಜರ ಭಾಷೆಯಲ್ಲಿ ಮಾತ್ರ ಈ ಜೋಡಿಯೂ 'ಕೆ' ಮತ್ತು 'ಎಚ್' ಜೋಡಿಯೂ ಮಹಾಪ್ರಾಣಗಳು, ಅಂದರೆ 'ತ'ಕಾರದ, 'ಕ'ಕಾರದ ಬೆನ್ನಿಗೇ ಹಕಾರ ಕೇಳಬೇಕು ಎಂದು ಅನುಬಂಧ ಹೇಳುತ್ತದೆ. ಇಂಗ್ಲಿಷ್ ಓದುಗರಿಗೆ ಇದನ್ನು ವಿವರಿಸಲು ಟಾಲ್ಕೀನರು ಎರಡು ಪದಗಳು ಕೂಡುವ 'ಬ್ಯಾಕ್‌ಹ್ಯಾಂಡ್', 'ಔಟ್‌ಹೌಸ್'ಗಳಂಥ ಉದಾಹರಣೆಗಳನ್ನು ಹುಡುಕಬೇಕಾಯಿತು. ನಮಗೆ 'ಖ' ಎಂಬ ಒಂದೇ ಅಕ್ಷರ ಸಾಕು. ಗಿರಿಗರ್ಭದಲ್ಲಿರುವ ಕುಬ್ಜರ ಮಹಾನಗರಿಯ ಹೆಸರನ್ನು 'ಖಜದ್-ದೂಮ್' ಎಂದು ಬರೆದಾಗ, ಮೊದಲ ಅಕ್ಷರ ಲೇಖಕರು ಬಯಸಿದ ಧ್ವನಿಯನ್ನೇ ಹಿಡಿಯುತ್ತದೆ. ಅವರು ರಚಿಸಿದ ತೆಂಗ್ವಾರ್ ಲಿಪಿಯಲ್ಲಿಯೂ ಅಕ್ಷರಗಳು ದಂತ್ಯ, ಓಷ್ಠ್ಯ ಎಂಬಂತೆ ಉಚ್ಚಾರಣಾ ಸ್ಥಾನಕ್ಕೆ ಅನುಗುಣವಾಗಿ ಸಾಲುಗೂಡಿವೆ. ಅದರ ಕೋಷ್ಟಕವನ್ನು ಮೊದಲ ಬಾರಿ ಕಂಡಾಗ ಗೋಡೆಗೆ ತೂಗುಹಾಕಿದ ವರ್ಣಮಾಲೆಯ ಪಟ ನೆನಪಾಗಿ ನಾನು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ.

ಉಳಿದದ್ದು ಒತ್ತು ಕೊಡುವ ಪ್ರಶ್ನೆ, ಅಂದರೆ ಹೆಸರಿನ ಯಾವ ಭಾಗವನ್ನು ಹೆಚ್ಚು ಜೋರಾಗಿ ನುಡಿಯಬೇಕು ಎಂಬುದು. ಕನ್ನಡದ ಮಾತಿನಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ನಾವು ಇದನ್ನು ಮರೆಯುತ್ತೇವೆ. ಆದರೆ ಟಾಲ್ಕೀನರ ನಿಯಮ ಶಾಲೆಯಲ್ಲಿ ಛಂದಸ್ಸು ಓದಿದವರಿಗೆ ಹಳೆಯ ಪರಿಚಯದಂತಿದೆ. ಎರಡೇ ಉಚ್ಚಾರಾಂಶಗಳ ಹೆಸರಾದರೆ ಒತ್ತು ಮೊದಲನೆಯದಕ್ಕೆ. ಅದಕ್ಕಿಂತ ಉದ್ದವಾದರೆ, ಕೊನೆಯಿಂದ ಎರಡನೆಯದು ಗುರುವಾಗಿದ್ದಲ್ಲಿ ಅದರ ಮೇಲೆ, ಲಘುವಾಗಿದ್ದಲ್ಲಿ ಅದರ ಹಿಂದಿನದರ ಮೇಲೆ. ಗುರುವಿನ ಲಕ್ಷಣವೂ ನಾವು ಕಲಿತದ್ದೇ: ದೀರ್ಘ ಸ್ವರ, ಐ-ಔಗಳಂಥ ಸಂಧ್ಯಕ್ಷರ, ಅಥವಾ ಮುಂದೆ ಒತ್ತಕ್ಷರ. 'ಇಸಿಲ್ದುರ್' ಎಂಬಲ್ಲಿ 'ಸಿ'ಯ ಮುಂದೆ 'ಲ್ದು' ಇರುವುದರಿಂದ ಅದು ಗುರು, ಒತ್ತು ಅದಕ್ಕೇ. 'ಗಲದ್ರಿಯೆಲ್' ಹೆಸರಿನಲ್ಲಿ 'ದ್ರಿ' ಲಘು, ಹಾಗಾಗಿ ಒತ್ತು 'ಲ'ದ ಮೇಲೆ. 'ಅರಗೊರ್ನ್' ಎಂಬಲ್ಲಿ 'ರ' ಲಘು, ಒತ್ತು ಮೊದಲ 'ಅ'ಕ್ಕೆ. 'ದೆನೆಥೊರ್' ಹೆಸರನ್ನು ರೋಮನ್ ಲಿಪಿಯಲ್ಲಿ ನೋಡಿದರೆ 'ನೆ'ಯ ಮುಂದೆ ಎರಡು ವ್ಯಂಜನಗಳಿವೆ ಎಂಬ ಭ್ರಮೆ ಹುಟ್ಟುತ್ತದೆ. ಕನ್ನಡದಲ್ಲಿ ಬರೆದೊಡನೆ 'ಥೊ' ಒಂದೇ ಅಕ್ಷರವೆಂಬುದು ಕಣ್ಣಿಗೆ ಕಾಣುತ್ತದೆ, ಒತ್ತು 'ದೆ'ಗೆ ಹೋಗುತ್ತದೆ.

ಲೇಖಕರ ಕಂಠದಲ್ಲಿಯೇ ಕೇಳುವ ಅವಕಾಶವೂ ಇದೆ. 1952ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಸ್ನೇಹಿತರ ಟೇಪ್ ರೆಕಾರ್ಡರ್ ಮುಂದೆ ಕುಳಿತು ಟಾಲ್ಕೀನರು ತಮ್ಮ ಕೃತಿಯ ಭಾಗಗಳನ್ನು ಓದಿದರು; ಆಗ ಕಾದಂಬರಿ ಇನ್ನೂ ಅಚ್ಚಾಗಿರಲಿಲ್ಲ. ಎಲ್ಫ್ ಭಾಷೆಯ ಪದ್ಯವನ್ನು ಅವರು ಓದುವುದನ್ನು ಒಮ್ಮೆ ಕೇಳಿದರೆ, ಮೇಲಿನ ನಿಯಮಗಳೆಲ್ಲ ಯಾವ ಸಂಗೀತಕ್ಕಾಗಿ ಎಂಬುದು ತಿಳಿಯುತ್ತದೆ.

ಎಲ್ಲ ಲೇಖಕರೂ ಇಷ್ಟು ಬರೆದಿಟ್ಟಿರುವುದಿಲ್ಲ. ಪುಸ್ತಕದ ಕೊನೆಯಲ್ಲಿ ಏನೂ ಇಲ್ಲದಿದ್ದರೆ ಲೇಖಕರ ಸಂದರ್ಶನವನ್ನೋ, ಆಡಿಯೊ ಪುಸ್ತಕದ ಮೊದಲ ಅಧ್ಯಾಯವನ್ನೋ ಕೇಳಿ ನೋಡಿ. ಹೆಸರಿನ ಮೂಲ ಯಾವ ಭಾಷೆ ಎಂಬುದು ಗೊತ್ತಾದರೆ ಅದೂ ಒಂದು ಸುಳಿವು: ಸಿ. ಎಸ್. ಲೂಯಿಸರ ನಾರ್ನಿಯಾದ ಸಿಂಹದ ಹೆಸರು 'ಆಸ್ಲನ್' ತುರ್ಕಿ ಭಾಷೆಯದು, ಅದರ ಅರ್ಥವೂ ಸಿಂಹವೇ. ಇದಾವುದೂ ದೊರೆಯದಿದ್ದರೆ ನಿಮ್ಮ ಕಿವಿಗೆ ಹಿತವಾದ ಒಂದು ರೂಪವನ್ನು ಆರಿಸಿ, ಹೆಸರು ಮೊದಲ ಸಲ ಬರುವ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲಿ ಬರೆದುಬಿಡಿ. ಕನ್ನಡದಲ್ಲಿ ಬರೆಯಬೇಕೆಂದರೆ ಹ್ರಸ್ವವೋ ದೀರ್ಘವೋ, 'ತ'ವೋ 'ಟ'ವೋ ಎಂದು ನಿರ್ಧರಿಸಲೇಬೇಕಾಗುತ್ತದೆ, ನಿರ್ಧರಿಸಿದ ಮೇಲೆ ಹೆಸರು ಮತ್ತೆ ಕಾಡುವುದಿಲ್ಲ. ನನ್ನ ತಂಗಿಯ ಮಗನಿಗೆ ಟಾಲ್ಕೀನರ ಕಥೆಯನ್ನು ಗಟ್ಟಿಯಾಗಿ ಓದಿ ಹೇಳಬೇಕಾಗಿ ಬಂದಾಗ ನಾನು ಮಾಡಿದ್ದು ಇದನ್ನೇ. ಅವನು ಈಗ ಅದೇ ಪ್ರತಿಯನ್ನು ತಾನೇ ಓದುತ್ತಿದ್ದಾನೆ. ನಾನು ಹಿಂದೆ 'ಸೆಲೆಬಾರ್ನ್' ಎಂದು ಬರೆದಿದ್ದ ಕಡೆ ಅವನು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಾದ ಅಕ್ಷರಗಳಲ್ಲಿ 'ಕೆಲೆಬೊರ್ನ್, ಬೆಳ್ಳಿ' ಎಂದು ಬರೆದಿದ್ದಾನೆ.